ಒಂದೇ ಜೊಂಡಿನ ಎರಡು ಕವಲು

ಕಳ್ಳಕವಟಗಿಯಂತಹ ಹಳ್ಳಿಗಳಿಂದ ಮಕ್ಕಳನ್ನು ಕರೆದುಕೊಂಡು ವಿಜಯಪುರ ನೋಡಲು ಬರುವ ಕುಟುಂಬಗಳು ಗೋಳಗುಮ್ಮಟದ ತರುವಾಯ ಶೆರ್ಜಾ ಬುರುಜನ್ನು ಹತ್ತುವುದು ವಾಡಿಕೆ. ಅಲ್ಲಿ ಮಲಿಕ್-ಎ-ಮೈದಾನ್ ತೋಪು ಇದೆ. ಇಂಗ್ಲಿಷ್ ಕಲಿಯುವ ಮಗು ಅದನ್ನು 'ಕ್ಯಾನನ್' ಎನ್ನುತ್ತದೆ. ಧರ್ಮಸಭೆಯ ನಿಯಮಕ್ಕೂ 'ಕ್ಯಾನನ್' ಎಂಬ ಹೆಸರೇ ಇದೆಯೆಂದು ತಿಳಿದಾಗ ಅದು ಬೆರಗಾಗುವುದು ಸಹಜ. ಬರವಣಿಗೆಯಲ್ಲಿ ಇವುಗಳ ಅಂತರ ಒಂದೇ ಅಕ್ಷರ: ತೋಪಿಗೆ ನಡುವೆ ಎರಡು 'ಎನ್', ನಿಯಮಕ್ಕೆ ಒಂದು.

ಅರ್ಥದಲ್ಲಿ ಅಜಗಜಾಂತರವಿದ್ದರೂ ಇವೆರಡರ ಬೇರು ಒಂದೇ. ಹೀಬ್ರೂವಿನ 'ಕಾನೆ', ಗ್ರೀಕಿನ 'ಕನ್ನ' ಎಂದರೆ ನೀರಿನ ದಡದಲ್ಲಿ ಬೆಳೆಯುವ ಜೊಂಡು. ಜೊಂಡಿಗೆ ಎರಡು ಗುಣಗಳು: ಅದು ನೇರ, ಮತ್ತು ಅದು ಟೊಳ್ಳು.

ನೇರವಾದ್ದರಿಂದ ಅದು ಅಳತೆಗೋಲಾಯಿತು. ಯೆಹೆಜ್ಕೇಲನ ಗ್ರಂಥದ 40ನೆಯ ಅಧ್ಯಾಯದಲ್ಲಿ ದೇವಾಲಯವನ್ನು ಅಳೆಯುವುದು ಅಂತಹ ಕೋಲಿನಿಂದಲೇ. ಗ್ರೀಕರ 'ಕನೋನ್' ಅಳತೆಗೋಲಿನಿಂದ ನಿಯಮವೆಂಬ ಅರ್ಥಕ್ಕೆ ಬೆಳೆಯಿತು. ಪವಿತ್ರಗ್ರಂಥದ ಅಂಗೀಕೃತ ಪುಸ್ತಕಗಳ ಪಟ್ಟಿಗೂ ಅದೇ ಹೆಸರು ಬಂದಿತು. ಕ್ರಿ.ಶ. 367ರ ಪತ್ರವೊಂದರಲ್ಲಿ ಸಂತ ಅಥನಾಸಿಯುಸರು ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಹೆಸರಿಸಿದ್ದಾರೆ. ಕಥೋಲಿಕ ಧರ್ಮಸಭೆಯ ನಿಯಮಸಂಹಿತೆ 1917ರಲ್ಲಿ ಪ್ರಕಟವಾಗಿ, 1983ರಲ್ಲಿ ಪರಿಷ್ಕೃತಗೊಂಡಿತು.

ಟೊಳ್ಳಾದ್ದರಿಂದ ಅದೇ ಜೊಂಡು ಕೊಳವೆಯಾಯಿತು. ಲ್ಯಾಟಿನ್ನಿನ 'ಕನ್ನ'ದಿಂದ ಇಟಾಲಿಯನ್ನರು 'ಕನ್ನೋನೆ', ಅಂದರೆ ದೊಡ್ಡ ಕೊಳವೆ, ಎಂಬ ಪದವನ್ನು ಕಟ್ಟಿದರು. ಅದು ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದು ತೋಪಿನ ಹೆಸರಾಯಿತು. ನಮ್ಮ ಮಲಿಕ್-ಎ-ಮೈದಾನ್ 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು. ಸುಮಾರು 55 ಟನ್ ತೂಕದ ಆ ಕೊಳವೆಯ ಬಾಯಿ ಸಿಂಹದ ಮುಖ. ಅದರ ದವಡೆಯಲ್ಲಿ ಸಿಕ್ಕಿದೆ ಒಂದು ಆನೆ. ಹದಿನೇಳನೆಯ ಶತಮಾನದಲ್ಲಿ ಅದು ವಿಜಯಪುರಕ್ಕೆ ಬಂದಿತು.

ಇನ್ನೂ ಒಂದು ಸೋಜಿಗವುಂಟು. ಗ್ರೀಕರ 'ಕನೋನ್' ಅರಬ್ಬಿಯಲ್ಲಿ 'ಕಾನೂನ್' ಆಗಿ, ಪಾರಸಿ ಆಡಳಿತದ ಮಾತಿನೊಡನೆ ದಖ್ಖನಿಗೆ ಬಂದು, ಕನ್ನಡದಲ್ಲಿ 'ಕಾನೂನು' ಎಂದು ನೆಲೆಸಿತು. ಎಂದೂ ಇಂಗ್ಲಿಷ್ ಕಲಿಯದ ನಮ್ಮ ಅಜ್ಜಿಯರೂ ಆ ಪದವನ್ನು ಆಡಿದವರೇ.

ಪ್ರಿಯ ಓದುಗರೇ, ಜೊಂಡು ಒಂದೇ; ಅದು ಏನಾಗುವುದೆಂಬುದು ಹಿಡಿದ ಕೈಯನ್ನು ಅವಲಂಬಿಸಿದೆ. ಗೋಡೆ ಕಟ್ಟುವವನು ಅಳತೆಗೋಲನ್ನು ಮೊದಲು ತನ್ನ ಕೆಲಸಕ್ಕೇ ಹಿಡಿದು ನೋಡುತ್ತಾನೆ. ತೋಪಿನ ಬಾಯಿಯಾದರೋ ಯಾವಾಗಲೂ ಎದುರಿನವರ ಕಡೆಗೆ. ಮನೆಯಲ್ಲಿ ಮಕ್ಕಳ ಮುಂದೆ, ನೆರೆಯವರ ಮುಂದೆ ನಿಯಮದ ಮಾತನ್ನೆತ್ತುವಾಗ ನಮ್ಮ ಕೈಯಲ್ಲಿರುವುದು ಯಾವುದೆಂದು ನಾವೇ ಕೇಳಿಕೊಳ್ಳೋಣ.