ಹಿಟ್ಟು ಉಬ್ಬದಿದ್ದರೆ ತಪ್ಪು ಯಾರದು?

ರಾತ್ರಿ ಕಲಸಿಟ್ಟ ಹಿಟ್ಟು ಬೆಳಗಾದರೂ ಉಬ್ಬದೆ ಪಾತ್ರೆಯ ತಳದಲ್ಲೇ ಕೂತಿದ್ದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು, ‘ನಿನ್ನೆ ಕಲಸಿದ್ದು ಯಾರು?’ ಚೆನ್ನಾಗಿ ಉಬ್ಬಿದ ದಿನ ಹೊಗಳಿಕೆಯೆಲ್ಲ ಉದ್ದಿನಬೇಳೆಗೆ ಸಲ್ಲುತ್ತದೆ. ಉಬ್ಬದ ದಿನ ಮಾತ್ರ ಮನೆಯ ಹೆಂಗಸೊಬ್ಬಳ ಕೈಗುಣ ವಿಚಾರಣೆಗೆ ಬರುತ್ತದೆ. ಸೊಸೆ ಹೊಸಬಳಾದರಂತೂ ಕೇಳುವುದೇ ಬೇಡ. ಅದೂ ಅಲ್ಲದೆ, ಯಾರಾದರೂ ‘ಹೊರಗಿದ್ದವರು’ ಮುಟ್ಟಿದರೇ ಎಂಬ ಅನುಮಾನ ಬೇರೆ. ನಮ್ಮ ಓದುಗರಲ್ಲಿ ಈ ಮಾತು ಕೇಳದವರು ಕಡಿಮೆ ಎಂದೇ ನನ್ನ ಎಣಿಕೆ.

ಚರಿತ್ರೆ ಪಾಠ ಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ಆಪಾದನೆಗೂ ಒಂದು ಚರಿತ್ರೆ ಇರಲೇಬೇಕೆಂದು ಹುಡುಕುತ್ತಾ ಹೋದೆ. ಅದು ಹೆಚ್ಚು ಬರವಣಿಗೆಯಲ್ಲಿ ಸಿಕ್ಕಿದ್ದು ನಮ್ಮ ದೋಸೆಹಿಟ್ಟಿನ ಬಗ್ಗೆ ಅಲ್ಲ, ಪಶ್ಚಿಮದವರ ಬ್ರೆಡ್ಡಿನ ಹಿಟ್ಟಿನ ಬಗ್ಗೆ.

ಹುಡುಕಾಟಕ್ಕೆ ಕಾರಣಳಾದವಳು ನನ್ನ ತಂಗಿಯ ಮಗಳು. 2020ರಲ್ಲಿ ಕೊರೋನಾ ಬಂದು ಲೋಕವೆಲ್ಲ ಬಾಗಿಲು ಹಾಕಿಕೊಂಡಾಗ ಅಮೆರಿಕ, ಯುರೋಪುಗಳ ಅಂಗಡಿಗಳಲ್ಲಿ ಯೀಸ್ಟಿಗೆ ಬರ ಬಂತು. ಜನ ಮನೆಯಲ್ಲೇ ಹುಳಿಹಿಟ್ಟಿನ ಬ್ರೆಡ್ ಮಾಡತೊಡಗಿದರು. ಅದನ್ನು ಅವರು ‘ಸೋರ್‌ಡೋ’ ಎನ್ನುತ್ತಾರೆ. ಗೋಧಿ ಹಿಟ್ಟು, ನೀರು ಎರಡನ್ನೇ ಕಲಸಿ ಬಾಟಲಿಯಲ್ಲಿಟ್ಟು, ದಿನವೂ ಸ್ವಲ್ಪ ತೆಗೆದು, ಅಷ್ಟೇ ಹೊಸ ಹಿಟ್ಟು ನೀರು ಕೂಡಿಸುತ್ತಾ ಹೋದರೆ ಒಂದೆರಡು ವಾರದಲ್ಲಿ ಅದು ತಾನೇ ಉಕ್ಕುವ ಹೆಪ್ಪಾಗುತ್ತದೆ. ಮೊಸರಿಗೆ ಹೆಪ್ಪು ಉಳಿಸುವ ಹಾಗೆ ಇದರಲ್ಲೂ ಪ್ರತಿಸಲ ಒಂದಿಷ್ಟು ಉಳಿಸಿಕೊಳ್ಳುವುದು. ಅಮೆರಿಕದ ಚಳಿಯ ಊರೊಂದರಲ್ಲಿರುವ ಈ ಹುಡುಗಿಯೂ ಶುರುಮಾಡಿದಳು. ಐದನೆಯ ದಿನ ಫೋನು ಬಂತು.

“ದೊಡ್ಡಮ್ಮಾ, ಎರಡನೇ ದಿನ ಬಾಟಲಿ ತುಂಬ ಉಕ್ಕಿ ಚೆಲ್ಲಿತ್ತು. ಈಗ ನೋಡಿದ್ರೆ ಸತ್ತು ಬಿದ್ದಿದೆ. ನನ್ನ ಕೈಗೆ ಇದೆಲ್ಲ ಆಗಿಬರಲ್ಲ ಅನ್ಸುತ್ತೆ.”

ಎಂಜಿನಿಯರಿಂಗ್ ಓದಿದ ಹುಡುಗಿ. ಅಷ್ಟು ದೂರ ಹೋದರೂ ಕೈಗುಣದ ಮಾತು ಅವಳ ಪೆಟ್ಟಿಗೆಯಲ್ಲೇ ಜೊತೆಗೆ ಹೋಗಿದೆಯಲ್ಲ ಎಂದು ನನಗೆ ನಗುವೂ ಬಂತು, ಬೇಸರವೂ ಆಯಿತು. “ಚೆಲ್ಲಬೇಡ ಕಣೇ, ಇನ್ನೊಂದು ವಾರ ಹಿಟ್ಟು ಹಾಕುತ್ತಾ ಹೋಗು, ಬೆಚ್ಚಗಿಡು” ಎಂದೆ. ವಾರ ಕಳೆಯುವುದರೊಳಗೆ ಹೆಪ್ಪು ಎದ್ದು ಕೂತಿತು.

ಅಲ್ಲಿ ಆದದ್ದು ಇಷ್ಟು. ಹೊಸದಾಗಿ ಕಲಸಿದ ಹಿಟ್ಟಿನಲ್ಲಿ ಮೊದಲು ಎದ್ದು ಕುಣಿಯುವುದು ಯೀಸ್ಟ್ ಅಲ್ಲ, ಧಾನ್ಯದ ಮೇಲೆಯೇ ಇರುವ ಕೆಲವು ಬಗೆಯ ಬ್ಯಾಕ್ಟೀರಿಯಾ. ಅವು ಗಾಳಿಯನ್ನೂ ಹುಳಿಯನ್ನೂ ಉಂಟುಮಾಡುತ್ತವೆ. ಹುಳಿ ಏರಿದಂತೆ ಅವಕ್ಕೇ ಬಾಳಲಾಗುವುದಿಲ್ಲ, ಕುಗ್ಗುತ್ತವೆ. ಹುಳಿ ತಡೆಯಬಲ್ಲ ಯೀಸ್ಟ್ ಮತ್ತು ಬೇರೆ ಬ್ಯಾಕ್ಟೀರಿಯಾಗಳು ಬೆಳೆದು ಬರುವವರೆಗೆ ನಡುವೆ ನಾಲ್ಕಾರು ದಿನ ಸದ್ದಿಲ್ಲ. ಆ ಮೌನವನ್ನೇ ಸಾವೆಂದು ತಿಳಿದು ಎಷ್ಟೋ ಜನ ಹೆಪ್ಪನ್ನು ಚೆಲ್ಲಿಬಿಡುತ್ತಾರೆ.

ಈ ಜೀವಿಗಳ ಸುದ್ದಿ ಯಾರಿಗೂ ತಿಳಿಯದ ಕಾಲದಲ್ಲೇ ಹುಳಿಹಿಟ್ಟು ಊಟಕ್ಕೆ ಬಂದಿತ್ತು. ಪ್ರಾಚೀನ ಈಜಿಪ್ಟಿನವರು ಉಬ್ಬಿದ ಬ್ರೆಡ್ ತಿನ್ನುತ್ತಿದ್ದರು. ಇಸ್ರೇಲರು ಆ ದೇಶ ಬಿಟ್ಟು ಹೊರಟಾಗ ಹಿಟ್ಟು ಹುಳಿಯಾಗುವಷ್ಟು ಸಮಯವಿರಲಿಲ್ಲವೆಂಬ ನೆನಪಿಗೆ ಯೆಹೂದ್ಯರು ಇಂದಿಗೂ ಪಸ್ಕ ಹಬ್ಬದಲ್ಲಿ ಹುಳಿಯಿಲ್ಲದ ರೊಟ್ಟಿ ತಿನ್ನುತ್ತಾರೆ. ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ‘ಹುಳಿ’ ಎಂಬ ನಮ್ಮ ಅಡುಗೆಮನೆಯ ಮಾತನ್ನೇ ಬಳಸಿದ್ದಾರೆ. ಯೇಸು ಹೇಳಿದ ಸಾಮತಿಯೊಂದರಲ್ಲಿ ಹಿಟ್ಟಿಗೆ ಹುಳಿ ಸೇರಿಸುವವಳು ಒಬ್ಬ ಹೆಂಗಸು. ಇಟಲಿ, ಸ್ಪೇನುಗಳಲ್ಲಿ ಈ ಹೆಪ್ಪಿಗೆ ‘ತಾಯಿ’ ಎಂದೇ ಹೆಸರು.

ಒಂದನೆಯ ಶತಮಾನದ ರೋಮಿನಲ್ಲಿ ಪ್ಲಿನಿ ಎಂಬ ಅಧಿಕಾರಿಯಿದ್ದ. ಕಂಡದ್ದು ಕೇಳಿದ್ದು ಎಲ್ಲವನ್ನೂ ಬರೆದಿಟ್ಟ ಮನುಷ್ಯ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ. ಅವನ ಪ್ರಕೃತಿ ಚರಿತ್ರೆಯ ಗ್ರಂಥದಲ್ಲಿ ಬ್ರೆಡ್ಡಿನ ಹೆಪ್ಪಿನ ವಿವರವಿದೆ. ದ್ರಾಕ್ಷಿ ಸುಗ್ಗಿಯಲ್ಲಿ ಬರಗಿನ ಹಿಟ್ಟನ್ನು ಹೊಸ ದ್ರಾಕ್ಷಿರಸದಲ್ಲಿ ಕಲಸಿಟ್ಟು ವರ್ಷವಿಡೀ ಬಳಸುವುದುಂಟು. ಸಾಮಾನ್ಯವಾಗಿ ಮಾತ್ರ ಹಿಂದಿನ ದಿನದ ಹಿಟ್ಟಿನಲ್ಲೇ ಸ್ವಲ್ಪ ಉಳಿಸಿ ಮರುದಿನಕ್ಕೆ ಸೇರಿಸುತ್ತಾರೆ ಎನ್ನುತ್ತಾನೆ. ಹಿಟ್ಟು ಉಬ್ಬುವುದು ಹುಳಿಯಿಂದಲೇ ಎಂದೂ ಊಹಿಸುತ್ತಾನೆ. ಅಂದಿನ ಕಾಲಕ್ಕೆ ಒಳ್ಳೆಯ ಊಹೆಯೇ. ಆದರೆ ಅದೇ ಗ್ರಂಥದ ಇನ್ನೊಂದು ಭಾಗದಲ್ಲಿ, ಮುಟ್ಟಾದ ಹೆಂಗಸು ಹತ್ತಿರ ಬಂದರೆ ಹೊಸ ದ್ರಾಕ್ಷಾರಸ ಹುಳಿತು ಕೆಡುತ್ತದೆಂದೂ ಬರೆದಿದ್ದಾನೆ. ಕಣ್ಣಾರೆ ಕಂಡದ್ದಕ್ಕೂ ಬಾಯಿಮಾತಿಗೂ ಒಂದೇ ಪುಸ್ತಕದಲ್ಲಿ ಜಾಗ. ಬಾಯಿಮಾತಿನ ಭಾಗವೇ ಹೆಚ್ಚು ಬಾಳಿತು!

ಹುದುಗು ಬರುವುದು ಸೂಕ್ಷ್ಮಜೀವಿಗಳ ಕೆಲಸವೆಂದು ತೋರಿಸಿಕೊಟ್ಟವನು ಫ್ರಾನ್ಸಿನ ಲೂಯಿ ಪಾಶ್ಚರ್. ಹಾಲು ಹುಳಿಯಾಗುವ ಬಗ್ಗೆ 1857ರಲ್ಲಿ ಅವನ ಪ್ರಬಂಧ ಬಂತು. ಅಲ್ಲಿಗಾದರೂ ಹೆಂಗಸಿನ ಮೇಲಿನ ಆಪಾದನೆ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ. 1920ರಲ್ಲಿ ವಿಯೆನ್ನಾ ನಗರದ ಬೇಲಾ ಶಿಕ್ ಎಂಬ ಮಕ್ಕಳ ವೈದ್ಯ ಒಂದು ಲೇಖನ ಪ್ರಕಟಿಸಿದ. ಸಾಮಾನ್ಯನಲ್ಲ ಈತ. ಗಂಟಲಮಾರಿ ರೋಗ ಯಾರಿಗೆ ತಗಲಬಹುದೆಂದು ತಿಳಿಯುವ ಪರೀಕ್ಷೆ ಇವನ ಹೆಸರಿನಲ್ಲೇ ಇದೆ. ಮನೆಕೆಲಸದ ಹೆಂಗಸು ಮುಟ್ಟಿದ ಹೂಗಳು ಬೇಗ ಬಾಡಿದವೆಂದು ಕಂಡು, ಅವಳಾಗ ಮುಟ್ಟಾಗಿದ್ದಳೆಂದು ತಿಳಿದು, ಈತ ಪ್ರಯೋಗಕ್ಕಿಳಿದ. ಕೆಲವು ಹೆಂಗಸರ ಕೈಯಲ್ಲಿ ಯೀಸ್ಟ್ ಹಾಕಿದ ಹಿಟ್ಟು ನಾದಿಸಿ, ಮುಟ್ಟಾದವಳ ಹಿಟ್ಟು ಕಡಿಮೆ ಉಬ್ಬಿತೆಂದು ಬರೆದ. ಅವಳ ಮೈಯಲ್ಲಿ ಆ ದಿನಗಳಲ್ಲಿ ವಿಷವೊಂದು ಇರುತ್ತದೆಂದು ‘ಮೆನೊಟಾಕ್ಸಿನ್’ ಎಂಬ ಹೆಸರನ್ನೂ ಇಟ್ಟ. ಮತ್ತೆ ಕೆಲವರು ಆ ವಿಷವನ್ನು ವರ್ಷಗಟ್ಟಲೆ ಹುಡುಕಿದರು. ಅಂಥದೊಂದು ವಿಷ ಯಾರ ಕೈಗೂ ಸಿಗಲಿಲ್ಲ.

ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ನಮ್ಮ ಅಜ್ಜಿಯಂದಿರು ಓದು ಬಾರದವರು, ಕೇಳಿದ್ದನ್ನು ನಂಬಿದರು. ಈತನಿಗೆ ಪ್ರಯೋಗಶಾಲೆಯಿತ್ತು. ನಾದಿದವರಲ್ಲಿ ಯಾರ ಕೈ ಬೆಚ್ಚಗಿತ್ತು, ಯಾರು ಎಷ್ಟು ಹೊತ್ತು ನಾದಿದರು, ಯಾರ ಬಟ್ಟಲು ಕಿಟಕಿಯ ಪಕ್ಕದಲ್ಲಿತ್ತು ಎಂಬ ಪ್ರಶ್ನೆಗಳನ್ನು ಬದಿಗಿಟ್ಟು ಹೆಂಗಸಿನ ಮೈಯಲ್ಲೇ ದೋಷ ಹುಡುಕಿದ್ದಕ್ಕೆ ಏನೆನ್ನೋಣ?

ಹಾಗಾದರೆ ಬ್ರೆಡ್ಡಿನ ಹಿಟ್ಟು ಕೈಕೊಡುವುದು ಏಕೆ? ಮೊದಲ ಕಾರಣ ಚಳಿ. 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಳಿಹಿಟ್ಟು ಚೆನ್ನಾಗಿ ಉಬ್ಬುತ್ತದೆ. ಅಡುಗೆಮನೆ ಅದಕ್ಕಿಂತ ತಣ್ಣಗಿದ್ದಷ್ಟೂ ಹಿಟ್ಟು ನಿಧಾನ. ಆಗ ಗಡಿಯಾರ ನೋಡದೆ ಹಿಟ್ಟನ್ನೇ ನೋಡಬೇಕು. ಎರಡನೆಯದು ಹಸಿವು. ಹೆಪ್ಪಿಗೆ ಹೊತ್ತಿಗೆ ಸರಿಯಾಗಿ ಹೊಸ ಹಿಟ್ಟು ಬೀಳದಿದ್ದರೆ ಮೇಲೆ ಬೂದುಬಣ್ಣದ ನೀರು ನಿಂತು ಘಾಟು ಬರುತ್ತದೆ. ಅದು ಕೆಟ್ಟಿಲ್ಲ, ಹಸಿದಿದೆ. ಎರಡು ಮೂರು ಹೊತ್ತು ಹಿಟ್ಟು ಹಾಕಿದರೆ ಚೇತರಿಸಿಕೊಳ್ಳುತ್ತದೆ. ಬರಿಯ ಮೈದಾಕ್ಕಿಂತ ತವುಡಿರುವ ಗೋಧಿ ಹಿಟ್ಟು ಹಾಕಿದರೆ ಇನ್ನೂ ಬೇಗ. ಗುಲಾಬಿ, ಕಿತ್ತಳೆ ಬಣ್ಣದ ಗೆರೆಯೋ ಬೂಷ್ಟೋ ಕಂಡರೆ ಮಾತ್ರ ಕನಿಕರ ಬೇಡ, ಪೂರ್ತಿ ಚೆಲ್ಲಿಬಿಡಿ.

ಮೂರನೆಯದು ಅವಸರ, ನಾಲ್ಕನೆಯದು ತಡ. ಬ್ರೆಡ್ ಕೊಯ್ದಾಗ ಒಳಗೆ ಗಟ್ಟಿಯಾಗಿದ್ದು ಅಲ್ಲೊಂದು ಇಲ್ಲೊಂದು ದೊಡ್ಡ ತೂತು ಕಂಡರೆ ಹಿಟ್ಟು ಪೂರ್ತಿ ಉಬ್ಬುವ ಮೊದಲೇ ಒಲೆಗೆ ಹೋಗಿದೆ ಎಂದರ್ಥ. ಹಿಟ್ಟು ಸಡಿಲವಾಗಿ, ಕೈಗೆ ಅಂಟಿ, ಒಲೆಯಲ್ಲಿ ದೋಸೆಯ ಹಾಗೆ ಹರಡಿಕೊಂಡರೆ ಹೊತ್ತು ಮೀರಿದೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇದೆಯಲ್ಲ, ಅದೇ ಬಲೆಯಂತಾಗಿ ಗಾಳಿಯನ್ನು ಹಿಡಿದಿಡುವುದು. ಹುಳಿ ಅತಿಯಾದರೆ ಬಲೆ ಹರಿದು ಗಾಳಿ ಹೊರಟುಹೋಗುತ್ತದೆ. ಬೆರಳಿಗೆ ಹಿಟ್ಟು ಸವರಿಕೊಂಡು ಮೆಲ್ಲಗೆ ಒತ್ತಿ ನೋಡಿ. ಗುಳಿ ತಟ್ಟನೆ ಮುಚ್ಚಿಕೊಂಡರೆ ಇನ್ನೂ ಕಾಯಿರಿ, ನಿಧಾನವಾಗಿ ಅರ್ಧ ಮೇಲೆದ್ದರೆ ಒಲೆಗೆ ಹಾಕಿ, ಏಳದೆ ಹಾಗೇ ಉಳಿದರೆ ತಡವಾಗಿದೆ. ಸುಟ್ಟಮೇಲೆಯೂ ತಾಳ್ಮೆ ಬೇಕು. ಬಿಸಿಯಲ್ಲೇ ಕೊಯ್ದರೆ ಒಳಗೆ ಹಸಿಹಸಿಯಾಗಿ ಅಂಟಂಟಾಗುತ್ತದೆ.

ಇದೆಲ್ಲ ಈಗ ಪುಸ್ತಕದ ಮಾತು. ಹಿಂದೆ ಹೆಪ್ಪು ಕಾಪಾಡುತ್ತಿದ್ದವರಿಗೆ ಇದು ಕೈಯ ತಿಳಿವಳಿಕೆಯಾಗಿತ್ತು. 1896ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತೆಂದು ಆ ಹಿಮದ ನಾಡಿಗೆ ಓಡಿದ ಗಂಡಸರು ಹೆಪ್ಪು ಹೆಪ್ಪುಗಟ್ಟದಿರಲೆಂದು ರಾತ್ರಿ ಅದನ್ನು ಮಗ್ಗುಲಲ್ಲಿ ಇಟ್ಟುಕೊಂಡು ಮಲಗುತ್ತಿದ್ದರಂತೆ. ಆ ಸೀಮೆಯಲ್ಲಿ ಚಳಿಗಾಲ ಕಳೆದು ಪಳಗಿದವನಿಗೆ ‘ಸೋರ್‌ಡೋ’ ಎಂಬುದೇ ಬಿರುದಾಯಿತು! ಗಂಡಸು ಹೆಪ್ಪು ಕಾಪಾಡಿದರೆ ಬಿರುದು, ಹೆಂಗಸು ಕಾಪಾಡಿದರೆ ಅದು ದಿನದ ಕೆಲಸ. ಹೆಸರು ಉಳಿದ ಹೆಂಗಸರು ಅಪರೂಪ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1849ರಲ್ಲಿ ಶುರುವಾದ ಬೂಡಿನ್ ಬೇಕರಿಯವರು, 1906ರ ಭೂಕಂಪದಲ್ಲಿ ಲೂಯಿಸ್ ಬೂಡಿನ್ ಎಂಬಾಕೆ ತಾಯಿಹಿಟ್ಟನ್ನು ಬಕೆಟ್ಟಿನಲ್ಲಿ ಹೊತ್ತು ಉಳಿಸಿದಳೆಂದು ಹೇಳಿಕೊಳ್ಳುತ್ತಾರೆ.

1868ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಫ್ಲೈಶ್‌ಮನ್ ಸೋದರರು ಒತ್ತಿ ಬಿಲ್ಲೆ ಮಾಡಿದ ಯೀಸ್ಟನ್ನು ತಯಾರಿಸಿ ಮಾರತೊಡಗಿದ ಮೇಲೆ ಹೆಪ್ಪಿನ ಕಾವಲು ತಪ್ಪಿತು. ಅದನ್ನು ನಾನು ಹಳಿಯುವುದಿಲ್ಲ. ದಿನವೂ ರಾತ್ರಿ ಹಿಟ್ಟಿನ ಚಿಂತೆಯಲ್ಲೇ ಮಲಗುವ ಹೆಂಗಸಿಗೆ ಅದು ದೊಡ್ಡ ಬಿಡುಗಡೆ. ನಮಗೆ ಗ್ರೈಂಡರ್ ಬಂದ ಹಾಗೆ.

ನಮ್ಮ ಇಡ್ಲಿಗೂ ಈ ಕಥೆಗೂ ನೆಂಟಸ್ತಿಕೆಯಿದೆ. ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವಿದೆ. ಇಡ್ಲಿಹಿಟ್ಟು ಉಬ್ಬುವುದೇಕೆಂದು 1965ರಲ್ಲಿ ಮುಖರ್ಜಿ ಮತ್ತು ಸಂಗಡಿಗರು ಪರೀಕ್ಷಿಸಿ, ಅದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಕೆಲಸ, ಅದು ಬೇಳೆ ಅಕ್ಕಿಗಳ ಮೇಲೆಯೇ ಇರುತ್ತದೆ ಎಂದು ತೋರಿಸಿದರು. ಬ್ರೆಡ್ಡಿನ ಹೊಸ ಹೆಪ್ಪು ಮೊದಲ ದಿನಗಳಲ್ಲಿ ಉಕ್ಕುವುದರಲ್ಲೂ ಹಲವು ಸಲ ಇದರ ಕೈವಾಡವಿರುತ್ತದೆ. 1971ರಲ್ಲಿ ಕ್ಲೈನ್ ಮತ್ತು ಸುಗಿಹಾರ ಎಂಬಿಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ಹುಳಿಬ್ರೆಡ್ಡಿನಲ್ಲಿ ಒಂದು ಯೀಸ್ಟ್, ಒಂದು ಬ್ಯಾಕ್ಟೀರಿಯಾ ಜೊತೆಯಾಗಿ ಬಾಳುವುದನ್ನು ವಿವರಿಸಿದರು. ಆ ಬ್ಯಾಕ್ಟೀರಿಯಾಕ್ಕೆ ಊರಿನ ಹೆಸರೇ ಸಿಕ್ಕಿತು.

ಕೈಗುಣ ಎನ್ನುವುದು ಪೂರ್ತಿ ಸುಳ್ಳೇ ಎಂದು ಕೇಳುವವರಿಗೆ 2020ರ ಅಧ್ಯಯನವೊಂದನ್ನು ಹೇಳಬೇಕು. ಬೇರೆ ಬೇರೆ ದೇಶಗಳ 15 ಮಂದಿ ಬೇಕರಿಯವರಿಗೆ ಒಂದೇ ಬಗೆಯ ಹಿಟ್ಟು ಕೊಟ್ಟು ಹೆಪ್ಪು ಮಾಡಿಸಿದರು. ಅವರ ಹೆಪ್ಪುಗಳು ಒಂದೇ ಬಗೆಯಾಗಿರಲಿಲ್ಲ. ಕೈಗಳನ್ನು ಪರೀಕ್ಷಿಸಿದರೆ ಹುಳಿಹಿಟ್ಟಿನ ಬ್ಯಾಕ್ಟೀರಿಯಾಗಳು ಅಲ್ಲಿ ಹೇರಳವಾಗಿದ್ದವು. ದಿನವೂ ಹಿಟ್ಟು ನಾದುವ ಕೈಗೆ ಹಿಟ್ಟಿನ ಜೀವವೇ ಅಂಟಿಕೊಂಡು, ಕೈಯಿಂದ ಹಿಟ್ಟಿಗೆ, ಹಿಟ್ಟಿನಿಂದ ಕೈಗೆ ಓಡಾಡುತ್ತಿರಬಹುದು. ಕೈಗುಣವೆಂದರೆ ಅದೇ, ದುಡಿಮೆಯಿಂದ ಬಂದದ್ದು. ತಿಂಗಳ ಮೂರು ದಿನ ಬಿಟ್ಟುಹೋಗಿ ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿದ ಮೇಲೆ ಮರಳಿ ಬರುವಂಥದಲ್ಲ.

ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಇದನ್ನೆಲ್ಲ ಹೇಳಿದ್ದೆ. ಪಾಠ ಮುಗಿದ ಮೇಲೆ ಹುಡುಗಿಯೊಬ್ಬಳು ಹಿಂದೆಯೇ ಬಂದು, “ಮಿಸ್, ನಿಜವಾಗ್ಲೂ ಏನೂ ಆಗಲ್ವಾ?” ಎಂದು ಪಿಸುಗುಟ್ಟಿದಳು. “ನೀನೇ ನೋಡಮ್ಮ” ಎಂದೆ. ಒಂದು ತಿಂಗಳಾದ ಮೇಲೆ ಕಾರಿಡಾರಿನಲ್ಲಿ ತಡೆದು ವರದಿ ಒಪ್ಪಿಸಿದಳು. ಅಮ್ಮ ರುಬ್ಬಿದ ಹಿಟ್ಟನ್ನು ಎರಡು ಪಾತ್ರೆಗೆ ಹಾಕಿ, ಒಂದನ್ನು ಅಮ್ಮ ಕಲಸಿದ್ದು, ಇನ್ನೊಂದನ್ನು ‘ಆ ದಿನ’ ಇವಳೇ ಕಲಸಿದ್ದು, ಎರಡನ್ನೂ ಒಂದೇ ಕಡೆ ಇಟ್ಟದ್ದು. “ಎರಡೂ ಒಂದೇ ಥರ ಉಬ್ಬಿತ್ತು ಮಿಸ್. ಇಡ್ಲಿ ಎಲ್ಲರೂ ತಿಂದ್ರು. ಅಜ್ಜಿಗೆ ಮಾತ್ರ ಹೇಳಿಲ್ಲ.” ಬೇಲಾ ಶಿಕ್ ಮಹಾಶಯ ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದನೋ ಇಲ್ಲವೋ!

ಇನ್ನು ಮುಂದೆ ಬ್ರೆಡ್ಡಿನ ಹಿಟ್ಟಾಗಲಿ ಇಡ್ಲಿಯ ಹಿಟ್ಟಾಗಲಿ ಉಬ್ಬದೆ ಕೂತರೆ ಕೇಳಬೇಕಾದ ಪ್ರಶ್ನೆಗಳು ಇವು: ಚಳಿಯಿತ್ತೇ? ಧಾನ್ಯ, ಹಿಟ್ಟು ಹಳೆಯದೇ? ಹೆಪ್ಪು ಹಸಿದಿತ್ತೇ? ಸಾಕಷ್ಟು ಹೊತ್ತು ಕೊಟ್ಟೆವೇ, ಅತಿಯಾಯಿತೇ? ಉತ್ತರ ಇವುಗಳಲ್ಲೇ ಎಲ್ಲೋ ಇರುತ್ತದೆ. ‘ಕಲಸಿದ್ದು ಯಾರು’ ಎಂಬ ಪ್ರಶ್ನೆಯನ್ನು ಬೇಕಾದರೆ ಹಿಟ್ಟು ಚೆನ್ನಾಗಿ ಉಬ್ಬಿದ ದಿನ ಕೇಳಲಿ. ಆ ದಿನ ಉತ್ತರ ಹೇಳಲು ನಮಗೂ ಸಂತೋಷ.