38 ರೂಪಾಯಿಯ ಬ್ಯಾಂಕು, ಹಾಜಿ ಸಾಹೇಬರ ಅಮಾನತ್

ಚೆನ್ನೈನ ಶೋಳಿಂಗನಲ್ಲೂರಿನ ಐಟಿ ಕಚೇರಿಗಳಲ್ಲಿ ನಮ್ಮ ಕರಾವಳಿಯ ಹುಡುಗರೂ ಇದ್ದಾರೆ. ಬ್ಯಾಂಕಿನ ಕೆಲಸವೆಲ್ಲ ಅವರಿಗೆ ಫೋನಿನಲ್ಲೇ ಮುಗಿಯುತ್ತದೆ. ಆದರೆ ಅವರಲ್ಲಿ ಕೆಲವರ ಊರ ಮನೆಯ ಕಪಾಟಿನಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಹಳೇ ಪಾಸ್‌ಬುಕ್ ಈಗಲೂ ಸಿಕ್ಕೀತು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡು ಇಳಿಯಿತು, ಸರಿ. ಅದನ್ನು ಕಟ್ಟಿದವರು ಯಾರು, ಯಾಕೆ ಕಟ್ಟಿದರು ಅನ್ನೋದನ್ನೂ ನಾವು ಮರೆಯಬೇಕೇ?

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರ ಮುಂದಾಳತ್ವದಲ್ಲಿ ಈ ಬ್ಯಾಂಕು ಶುರುವಾಯಿತು. ಆಗಿನ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ! ಜಾತಿ ಮತ ನೋಡದೆ ಎಲ್ಲರಲ್ಲೂ ಉಳಿತಾಯದ, ಸಹಕಾರದ ಅಭ್ಯಾಸ ಬೆಳೆಸುವುದು ಸ್ಥಾಪಕರು ಆರಂಭದಲ್ಲೇ ಸಾರಿದ ಉದ್ದೇಶ. ಅಂದರೆ ಸಾಮಾಜಿಕ ಹೊಣೆ ಲಾಭ ಬಂದ ಮೇಲೆ ನೆನಪಾದದ್ದಲ್ಲ. ಬ್ಯಾಂಕು ಹುಟ್ಟಿದ್ದೇ ಅದಕ್ಕಾಗಿ.

ಇಲ್ಲೊಂದು ಸೂಕ್ಷ್ಮವಿದೆ. ಹಾಜಿ ಸಾಹೇಬರು ದೊಡ್ಡ ದಾನಿ. ಉಡುಪಿಯಲ್ಲಿ ಆಸ್ಪತ್ರೆಗೆ ಜಾಗ ಕೊಟ್ಟವರು. ಆದರೆ ಅದು ಅವರ ಸ್ವಂತ ಆಸ್ತಿ. ಬ್ಯಾಂಕಿನಲ್ಲಿದ್ದ ಹಣ ಜನರ ಅಮಾನತ್. ಸ್ವಂತದ್ದನ್ನು ಕೊಡಲು ದೊಡ್ಡ ಮನಸ್ಸು ಸಾಕು. ಅಮಾನತನ್ನು ಕಾಯಲು ನಿಯಮ, ಲೆಕ್ಕ, ಪ್ರಶ್ನೆ ಕೇಳುವ ಆಡಳಿತ ಮಂಡಳಿ ಬೇಕು.

ಆಡಳಿತದ ತೀರ್ಮಾನವೇ ಸಮಾಜಸೇವೆ ಆಗಬಹುದು ಅನ್ನೋದಕ್ಕೆ ಪಕ್ಕದಲ್ಲೇ ಇನ್ನೊಂದು ಉದಾಹರಣೆಯಿದೆ. ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸಿದರು. ಅದು ದಾನವಲ್ಲ, ವ್ಯವಹಾರವೇ. ಆದರೂ ಬಡವನಿಗೆ ಬ್ಯಾಂಕಿನ ಬಾಗಿಲು ತೆರೆಯಿತು.

ಆಮೇಲೆ ಕಾಲ ಬದಲಾಯಿತು. 1969ರಲ್ಲಿ ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ಬ್ಯಾಂಕು ರಾಷ್ಟ್ರೀಕರಣವಾದವು. ಆಡಳಿತ ದಿಲ್ಲಿಯ ಕೈಗೆ ಹೋಯಿತು. ಕೃಷಿ, ಸಣ್ಣ ಉದ್ದಿಮೆಯಂಥ ಆದ್ಯತಾ ವಲಯಕ್ಕೆ ಇಷ್ಟು ಸಾಲ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ಗುರಿ ಹಾಕಿತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂದಿತು. ಖಾಸಗಿ ಬ್ಯಾಂಕುಗಳೂ ಇದರೊಳಗೆ ಬರುತ್ತವೆ.

ಒಳ್ಳೆಯದೇ. ಆದರೆ ಶೇ. 2ರ ಲೆಕ್ಕ ಒಪ್ಪಿಸಿದರೆ ಹೊಣೆ ಮುಗಿಯಿತೇ? ಉಳಿದ 98ನ್ನು ಹೇಗೆ ಗಳಿಸಿದಿರಿ, ಯಾರಿಗೆ ಸಾಲ ಕೊಟ್ಟಿರಿ, ಯಾರನ್ನು ಬಾಗಿಲಿಂದಲೇ ವಾಪಸ್ ಕಳಿಸಿದಿರಿ? ಆಡಳಿತ ಮಂಡಳಿಯ ಮೇಜಿನ ಮೇಲೆ ಇರಬೇಕಾದ ಪ್ರಶ್ನೆ ಅದು. ಹಾಜಿ ಸಾಹೇಬರ ಬ್ಯಾಂಕು 38 ರೂಪಾಯಿ ಇದ್ದ ದಿನವೇ ಅದಕ್ಕೆ ಉತ್ತರ ಕೊಟ್ಟಿತ್ತು.