ಡಿಕ್ಕಿಗೆ ಡಿಕ್ಕಿ ಹೊಡೆದಾಗ...

ಕಾರಿನ ಹಿಂದೆ ಸಾಮಾನು ತುಂಬುವ ಜಾಗಕ್ಕೂ ನಾವು ಡಿಕ್ಕಿ ಅಂತೀವಿ, ಗಾಡಿ ಗಾಡಿಗೆ ಗುದ್ದಿದರೆ ಅದಕ್ಕೂ ಡಿಕ್ಕಿ ಅಂತೀವಿ. ಹಾಗಾಗಿ "ಡಿಕ್ಕಿಗೆ ಡಿಕ್ಕಿ" ಅನ್ನೋದು ಕನ್ನಡದಲ್ಲಿ ಮಾತ್ರ ಸಾಧ್ಯವಿರುವ ಅಪಘಾತ ಇರಬೇಕು :) ಪ್ರಾಣಕ್ಕೇನೂ ಅಪಾಯವಿಲ್ಲ, ಬಂಪರ್ ಸ್ವಲ್ಪ ಒಳಗೆ ಹೋಗಿದೆ, ಹಿಂದಿನ ದೀಪದ ಗಾಜು ಪುಡಿಯಾಗಿದೆ, ಅಷ್ಟೇ. ಆದರೆ ಆಮೇಲೆ ರಸ್ತೆ ಮಧ್ಯದಲ್ಲಿ ನಡೆಯುವ ಅರ್ಧ ಗಂಟೆಯ ನಾಟಕ ಇದೆಯಲ್ಲ, ಅದರ ಸಂಭಾಷಣೆ ನಮಗೆಲ್ಲ ಬಾಯಿಪಾಠ. "ಕಣ್ ಕಾಣ್ಸಲ್ವಾ?" "ಸಡನ್ನಾಗಿ ಬ್ರೇಕ್ ಹಾಕಿದ್ದು ನೀವು!" "ದುಡ್ಡು ಕೊಟ್ಟು ಹೋಗು." ಹಿಂದೆ ನಿಂತ ನೂರು ಗಾಡಿಗಳ ಹಾರ್ನು ಇದಕ್ಕೆ ಹಿನ್ನೆಲೆ ಸಂಗೀತ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಕಾನೂನು ಹೇಳುತ್ತೆ. ಆದರೂ ನಾವ್ಯಾಕೆ ಬೀದಿಯಲ್ಲೇ ಪಂಚಾಯ್ತಿ ಮಾಡ್ತೀವಿ? ಈ ಪ್ರಶ್ನೆ ಹಿಡಿದುಕೊಂಡು ಹಳೆಯ ಮೋಟಾರು ಕಾಯ್ದೆಗಳನ್ನು ಒಂದಿಷ್ಟು ತಿರುವಿ ಹಾಕಿದೆ. ನಮ್ಮ ಜನಕ್ಕೆ ಶಿಸ್ತಿಲ್ಲ ಅಂತ ಹೇಳಿ ಕೈ ತೊಳೆದುಕೊಳ್ಳುವಷ್ಟು ಸುಲಭದ ಉತ್ತರ ಅಲ್ಲಿ ಸಿಗಲಿಲ್ಲ.

ಮೊದಲು ಇಂಗ್ಲೆಂಡಿಗೆ ಹೋಗಿ ಬರೋಣ, ಯಾಕಂದ್ರೆ ನಮ್ಮ ಕಾಯ್ದೆಗಳ ಬೇರು ಅಲ್ಲಿದೆ. 1865ರ ಅಲ್ಲಿನ ಕಾನೂನಿನ ಪ್ರಕಾರ ಯಂತ್ರದ ಗಾಡಿ ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿ ಮೀರುವಂತಿರಲಿಲ್ಲ. ಗಾಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಆ ವೇಗದಲ್ಲಿ ಗುದ್ದಿ ಓಡಿಹೋಗೋದಾದರೂ ಎಲ್ಲಿಗೆ? ಹಿಂದಿನಿಂದ ನಡೆದುಕೊಂಡು ಬಂದವರೇ ಹಿಡಿಯಬಹುದಿತ್ತು. 1896ರಲ್ಲಿ ಮಿತಿ 14 ಮೈಲಿಗೆ ಏರಿತು, 1903ರಲ್ಲಿ 20 ಮೈಲಿ ಆಯ್ತು. ಈಗ ಗುದ್ದಿದವನು ಧೂಳೆಬ್ಬಿಸಿ ಮಾಯವಾಗಬಹುದು. ಕುದುರೆ ಗಾಡಿಯ ಕಾಲದಲ್ಲಿ ಊರಿನ ಬಂಡಿ ಯಾರದು ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು. ಮೋಟಾರು ಬಂದ ಮೇಲೆ ಗುದ್ದಿದವನು ಅಪರಿಚಿತನಾದ.

ಅದಕ್ಕೇ 1903ರ ಮೋಟಾರ್ ಕಾರ್ ಕಾಯ್ದೆ ಎರಡು ಕೆಲಸ ಮಾಡಿತು. ಒಂದು, ಪ್ರತಿ ಗಾಡಿಗೂ ನಂಬರು. 1904ರ ಜನವರಿಯಿಂದ ನಂಬರ್ ಪ್ಲೇಟು ಕಡ್ಡಾಯವಾಯ್ತು. ಇನ್ನೊಂದು, ಅಪಘಾತವಾದರೆ ಚಾಲಕ ನಿಲ್ಲಬೇಕು, ಕೇಳಿದರೆ ತನ್ನ ಹೆಸರು ವಿಳಾಸ, ಮಾಲೀಕನ ಹೆಸರು ವಿಳಾಸ, ಗಾಡಿಯ ನಂಬರು ಹೇಳಬೇಕು. ಗಮನಿಸಿ, ಇಲ್ಲಿ ತಪ್ಪು ಯಾರದು ಅನ್ನೋ ಮಾತೇ ಇಲ್ಲ. ನಿಲ್ಲು, ನೀನ್ಯಾರು ಹೇಳು. ತಪ್ಪಿನ ಲೆಕ್ಕ ಆಮೇಲೆ, ಬೇರೆ ಜಾಗದಲ್ಲಿ. ಡಿಕ್ಕಿಯಾದ ಮೇಲೆ ಏನು ಮಾಡಬೇಕು ಅನ್ನೋದಕ್ಕೆ ನೂರಿಪ್ಪತ್ತು ವರ್ಷದ ಹಿಂದೆ ಬರೆದ ಈ ಉತ್ತರ ಇವತ್ತಿಗೂ ಹಳತಾಗಿಲ್ಲ.

ನಮ್ಮಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಮೋಟಾರು ಕಾಯ್ದೆ ಬಂದಿದ್ದು 1914ರಲ್ಲಿ. ನಿಲ್ಲಿಸಬೇಕು, ಹೆಸರು ಹೇಳಬೇಕು ಎನ್ನುವ ಮಾತು ಅದರಲ್ಲೂ ಬಂತು. ಆಗ ಇಂದಿನ ಕರ್ನಾಟಕ ಒಂದಾಗಿರಲಿಲ್ಲ. ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದವು, ಮಂಗಳೂರು, ಬಳ್ಳಾರಿ ಮದರಾಸಿನಲ್ಲಿದ್ದವು. ಅಲ್ಲೆಲ್ಲ ಈ ಕಾಯ್ದೆ ನಡೆಯುತ್ತಿತ್ತು. ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳ ಆಡಳಿತ ಬೇರೆ.

ಸರಿ, ನಿಂತ, ಹೆಸರೂ ಹೇಳಿದ. ಆದರೆ ಜೇಬಿನಲ್ಲಿ ಕಾಸಿಲ್ಲದಿದ್ದರೆ? ಕೋರ್ಟಿನಲ್ಲಿ ಗೆದ್ದರೂ ಗಾಯಗೊಂಡವನ ಕೈಗೆ ಏನೂ ಸಿಗುತ್ತಿರಲಿಲ್ಲ. ಅದಕ್ಕೆ ಮದ್ದಾಗಿ ಬಂದಿದ್ದು ಕಡ್ಡಾಯ ವಿಮೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಲ್ಲೂ, ಇಂಗ್ಲೆಂಡ್ 1930ರ ಕಾಯ್ದೆಯಲ್ಲೂ ಇದನ್ನು ತಂದವು. ನಮ್ಮ 1939ರ ಕಾಯ್ದೆಯಲ್ಲೂ ವಿಮೆಯ ಅಧ್ಯಾಯವಿತ್ತು, ಆದರೆ ಅದು ಜಾರಿಗೆ ಬಂದಿದ್ದು 1946ರ ಜುಲೈ 1ರಂದು. ಇವತ್ತು ನಾವು "ಥರ್ಡ್ ಪಾರ್ಟಿ" ಅಂತ ಕರೆಯುವ ವಿಮೆ ಹುಟ್ಟಿದ್ದು ಹೀಗೆ. ಇದು ಗಾಡಿ ಇರುವವನನ್ನು ಕಾಪಾಡೋಕೆ ಹುಟ್ಟಿದ್ದಲ್ಲ, ಅವನ ಗಾಡಿಗೆ ಸಿಕ್ಕಿದವನನ್ನು ಕಾಪಾಡೋಕೆ ಹುಟ್ಟಿದ್ದು. ವರ್ಷಾ ವರ್ಷ ಕಂತು ಕಟ್ಟುವಾಗ "ದಂಡ" ಅಂತ ಗೊಣಗುವ ನಾವು ಇದನ್ನು ಮರೆತುಬಿಡ್ತೀವಿ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿಂದ ಮುಂದೆ. 1946ರ ಆ ಕಡ್ಡಾಯ ವಿಮೆ ಸಾವು ಮತ್ತು ದೇಹದ ಗಾಯಕ್ಕೆ ಮಾತ್ರ. ನಿಮ್ಮ ಗಾಡಿಯ ಬಂಪರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಡೆಂಟಿನ ದುಡ್ಡು ಬೇಕಾದರೆ ಕೋರ್ಟ್ ಫೀ ಕಟ್ಟಿ ಸಿವಿಲ್ ದಾವೆ ಹೂಡಬೇಕು. ಒಂದು ದೀಪದ ಗಾಜಿಗಾಗಿ ಯಾರು ವಕೀಲರ ಮನೆ ಬಾಗಿಲಿಗೆ ಅಲೀತಾರೆ? ಅಪಘಾತದ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳು ಬಂದಿದ್ದು 1956ರ ತಿದ್ದುಪಡಿಯಿಂದ. ಇನ್ನೊಬ್ಬರ ಆಸ್ತಿಗಾದ ಹಾನಿಯನ್ನು ಕಡ್ಡಾಯ ವಿಮೆಗೆ ಸೇರಿಸಿದ್ದು 1969ರ ತಿದ್ದುಪಡಿ, ಅದೂ 2,000 ರೂಪಾಯಿಯ ಮಿತಿಯೊಳಗೆ. 1982ರಲ್ಲಿ ಅದು 6,000 ಆಯ್ತು. 1988ರಲ್ಲಿ ಹೊಸ ಮೋಟಾರು ವಾಹನ ಕಾಯ್ದೆಯೇ ಬಂತು, ಆದರೆ ಆ 6,000 ಮಾತ್ರ ಹಾಗೇ ಉಳಿಯಿತು. ಚಿನ್ನ, ಪೆಟ್ರೋಲು, ಕಾರು ಎಲ್ಲದರ ಬೆಲೆ ಏರಿತು. ಕಾಯ್ದೆಯ ಪುಸ್ತಕದಲ್ಲಿ 6,000 ಅಲ್ಲಾಡಲಿಲ್ಲ. 2019ರ ತಿದ್ದುಪಡಿಯಲ್ಲಿ ಬರೆದ ಹೊಸ ವಿಮಾ ಅಧ್ಯಾಯ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗಲೇ ಅದು ಹೋಗಿದ್ದು. ಇದರ ನಡುವೆ ಕಾರಿನ ಸಾಮಾನ್ಯ ಪಾಲಿಸಿಗಳಲ್ಲಿ ಈ ಬಾಬ್ತಿಗೆ 7.5 ಲಕ್ಷದವರೆಗೂ ರಕ್ಷಣೆ ಸಿಗುತ್ತಿತ್ತು ಅನ್ನೋದು ನಿಜ. ಆದರೆ ಎದುರಿನವನ ವಿಮೆಯಿಂದ ಅದನ್ನು ಪಡೆಯುವ ದಾರಿ ನ್ಯಾಯಮಂಡಳಿಯ ಮೂಲಕವೇ. ಸಣ್ಣ ಡೆಂಟಿಗೆ ಆ ದಾರಿ ತುಂಬಾ ಉದ್ದ.

ಕಾನೂನು ಜೀವಕ್ಕೆ ಮೊದಲ ಮಣೆ ಹಾಕಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಣ್ಣ ಡಿಕ್ಕಿಯನ್ನು ಅದು ದಶಕಗಳ ಕಾಲ ಹೆಚ್ಚು ಕಡಿಮೆ ಬೀದಿಗೇ ಬಿಟ್ಟುಕೊಟ್ಟಿತು. ಬೀದಿ ತನಗೆ ಗೊತ್ತಿದ್ದ ರೀತಿಯಲ್ಲಿ ನ್ಯಾಯ ಹೇಳೋಕೆ ಶುರು ಮಾಡಿತು. ನಮ್ಮ ರಸ್ತೆ ಪಂಚಾಯ್ತಿಯ ಹುಟ್ಟು ಇದೇ ಅಂತ ನನಗನ್ನಿಸುತ್ತೆ.

ಆ ಬೀದಿ ನ್ಯಾಯ ಹೇಗಿರುತ್ತೆ? ಕೆಲವು ವರ್ಷಗಳ ಹಿಂದೆ ಮೈಸೂರು ರಸ್ತೆಯಲ್ಲಿ ನನ್ನ ಕಣ್ಣೆದುರೇ ನಡೆದಿದ್ದು ಹೇಳ್ತೀನಿ. ಸಿಗ್ನಲ್ಲಿನಲ್ಲಿ ನಿಂತಿದ್ದ ಹೊಸ ಕಾರಿಗೆ ತರಕಾರಿ ಟೆಂಪೋ ಹಿಂದಿನಿಂದ ತಾಗಿತು. ಬಂಪರಿನಲ್ಲಿ ಅಂಗೈ ಅಗಲದ ತಗ್ಗು. ಕಾರಿನವರು ಇಳಿದು ಬಂದವರೇ ಮೊದಲು ಮಾಡಿದ ಕೆಲಸ ಟೆಂಪೋದ ಕೀ ಕಿತ್ತುಕೊಂಡಿದ್ದು. ಟೆಂಪೋ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. "ಸಾರ್, ಕೀ ಕೊಡಿ ಸಾರ್, ಓನರ್‌ಗೆ ಫೋನ್ ಮಾಡ್ತೀನಿ, ಮಾರ್ಕೆಟ್ಟಿಗೆ ಲೇಟಾಗುತ್ತೆ" ಅಂತ ಗೋಗರೀತಿದ್ದ. "ಐದ್ ಸಾವ್ರ ಇಟ್ಟು ಕೀ ತಗೋ" ಅಂತ ಇವರು. ಸುತ್ತ ಸೇರಿದವರಲ್ಲಿ ಅರ್ಧ ಜನ ಕಾರಿನ ಕಡೆ, ಅರ್ಧ ಜನ ಟೆಂಪೋ ಕಡೆ. "ಇನ್ಶೂರೆನ್ಸ್ ಇಲ್ವಾ ಸಾರ್?" ಅಂತ ನಾನು ಕೇಳಿದ್ದಕ್ಕೆ ಇಬ್ಬರೂ ನನ್ನನ್ನೇ ವಿಚಿತ್ರವಾಗಿ ನೋಡಿದರು. ಕೊನೆಗೆ ಓನರ್ ಫೋನಿನಲ್ಲಿ ಮಾತಾಡಿ ಎರಡೂವರೆ ಸಾವಿರಕ್ಕೆ ಮುಗಿಯಿತು. ಹುಡುಗ ಕೀ ಇಸಕೊಳ್ಳುತ್ತಾ ಹೇಳಿದ್ದು ಇಷ್ಟೇ: "ನನ್ ಸಂಬಳದಲ್ಲಿ ಹಿಡೀತಾರೆ ಸಾರ್."

ಹಿಂದಿನಿಂದ ಗುದ್ದಿದ್ದು ಟೆಂಪೋ, ಹೌದು. ಆದರೆ ಆ ನಷ್ಟಕ್ಕೆಂದೇ ಮಾಲೀಕ ವಿಮೆಯ ಕಂತು ಕಟ್ಟಿರಬೇಕು, ಕಾರಿನವರ ಹತ್ತಿರ ತಮ್ಮದೇ ಪಾಲಿಸಿಯೂ ಇತ್ತು. ಎರಡೆರಡು ವಿಮೆ ಇದ್ದೂ ದುಡ್ಡು ಹೋಗಿದ್ದು ಅಲ್ಲಿದ್ದವರಲ್ಲೇ ತೀರಾ ಬಡವನ ಜೇಬಿನಿಂದ. ಬೀದಿ ನ್ಯಾಯದ ತೊಂದರೆಯೇ ಇದು. ಅದು ತಪ್ಪನ್ನು ಅಳೆಯೋದಿಲ್ಲ, ದನಿ, ಜನ, ಭಾಷೆ, ಗಾಡಿಯ ಗಾತ್ರ ಇವನ್ನು ಅಳೆಯುತ್ತೆ. ಇನ್ನೊಂದು ಜಾಗದಲ್ಲಿ ಇದೇ ಕಾರಿನವರು ಒಬ್ಬರೇ ಸಿಕ್ಕಿ, ಎದುರಿಗೆ ಹತ್ತು ಜನ ಟೆಂಪೋದವರಿದ್ದರೆ ತೀರ್ಪು ಉಲ್ಟಾ ಆಗ್ತಿತ್ತು. ಇನ್ನು ಕೀ ವಿಷಯ. 1914, 1939, 1988 ಯಾವ ಕಾಯ್ದೆಯಲ್ಲೂ ಗುದ್ದಿಸಿಕೊಂಡವನು ಗುದ್ದಿದವನ ಕೀ ಕಿತ್ತುಕೊಳ್ಳಬಹುದು ಅಂತ ಇಲ್ಲ. ಹೆಸರು ವಿಳಾಸ ಕೇಳುವ ಹಕ್ಕಿದೆ. ಅದಕ್ಕೂ 1988ರ ಕಾಯ್ದೆಯ 132ನೇ ಕಲಮಿನಲ್ಲಿ ಒಂದು ಚಂದದ ಷರತ್ತಿದೆ: ಕೇಳುವವನು ತನ್ನ ಹೆಸರು ವಿಳಾಸವನ್ನೂ ಕೊಡಬೇಕು. ಇಬ್ಬರೂ ಸಮ.

ಅದೇ ಕಾಯ್ದೆಯ 134ನೇ ಕಲಮು ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ ಅನ್ನುತ್ತೆ, ಜನರ ಗುಂಪಿನ ರೋಷದಿಂದ ಅದು ಸಾಧ್ಯವಾಗದಿದ್ದರೆ ವಿನಾಯ್ತಿ. ಇದನ್ನು ಓದಿ ನನಗೆ ನಗು ಬರಲಿಲ್ಲ. ಬೀದಿಯ ಏಟಿಗೆ ಹೆದರಿ ಚಾಲಕ ಓಡಿಹೋಗಬೇಕಾಗಬಹುದು ಅಂತ ಕಾನೂನೇ ಒಪ್ಪಿಕೊಂಡಿದೆ ಅಂದ್ರೆ, ನಮ್ಮ ಪಂಚಾಯ್ತಿ ಎಲ್ಲಿಗೆ ಮುಟ್ಟಿದೆ ನೋಡಿ. 1994ರ ತಿದ್ದುಪಡಿ ಇದೇ ಕಲಮಿಗೆ ಇನ್ನೊಂದು ಕರ್ತವ್ಯ ಸೇರಿಸಿತು: ಪಾಲಿಸಿ ನಂಬರು, ಜಾಗ, ಸಮಯ, ಗಾಯಗೊಂಡವರ ಮತ್ತು ಚಾಲಕನ ವಿವರ ಎಲ್ಲವನ್ನೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಈ ಕರ್ತವ್ಯಗಳನ್ನು ಮಾಡದಿದ್ದರೆ 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗಾದರೆ ತಪ್ಪು ಯಾರದು? "ಸಡನ್ ಬ್ರೇಕ್" ವಾದಕ್ಕೆ ಬೆಲೆಯೇ ಇಲ್ಲವಾ? ಇದೆ. 1989ರ ರಸ್ತೆ ನಿಯಮಗಳಲ್ಲಿ ಎರಡು ನಿಯಮಗಳು ಅಕ್ಕಪಕ್ಕ ಕೂತಿದ್ದವು. 23ನೆಯದು ಹಿಂದಿನವನಿಗೆ: ಮುಂದಿನ ಗಾಡಿ ತಟ್ಟನೆ ನಿಂತರೂ ಗುದ್ದದಷ್ಟು ಅಂತರ ಇಟ್ಟುಕೋ. 24ನೆಯದು ಮುಂದಿನವನಿಗೆ: ಸುರಕ್ಷತೆಗೆ ಅಗತ್ಯವಿಲ್ಲದೆ ಗಕ್ಕನೆ ಬ್ರೇಕ್ ಒತ್ತಬೇಡ. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಮುಂದೆ ಹೋಗುತ್ತಿದ್ದ ಲಾರಿಗೆ ಕಾರು ಹಿಂದಿನಿಂದ ಗುದ್ದಿತ್ತು, ನಡುವಿನ ಅಂತರ 10-15 ಅಡಿ ಮಾತ್ರ. ಅದು ಸುರಕ್ಷಿತ ಅಂತರವೇ ಅಲ್ಲ ಅಂತ ಕೋರ್ಟು 23ನೇ ನಿಯಮವನ್ನೇ ಹಿಡಿದು ಹೇಳಿತು. 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದು ಹಳೆಯವು ಹೋದವು, ಆದರೆ ಅಂತರ ಕಾಯುವ ಹೊಣೆ ಹಿಂದಿನವನ ಮೇಲೆಯೇ ಇದೆ. ಲಾರಿಗಳ ಬೆನ್ನ ಮೇಲಿನ "ಕೀಪ್ ಡಿಸ್ಟೆನ್ಸ್" ಬರೀ ಅಲಂಕಾರವಲ್ಲ!

ಇಷ್ಟೆಲ್ಲ ಓದಿದ ಮೇಲೆ ಡಿಕ್ಕಿಯಾದರೆ ಏನು ಮಾಡಬೇಕು ಅನ್ನೋದು ನನ್ನ ಮಟ್ಟಿಗೆ ಹೀಗೆ ನಿಂತಿದೆ. ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ. ಬಂಪರ್ ನೋಡುವ ಮೊದಲು ಎರಡೂ ಗಾಡಿಯ ಜನರನ್ನು "ಪೆಟ್ಟಾಯ್ತಾ?" ಅಂತ ಕೇಳಿ. ಹಿಂದಿನಿಂದ ಗುದ್ದಿದಾಗ ಕತ್ತಿನ ನೋವು ಮಾರನೇ ದಿನ ಕಾಣಿಸಿಕೊಳ್ಳೋದೂ ಉಂಟು, ಆಗ ಡಾಕ್ಟರಿಗೆ ತೋರಿಸಿ. ಹೆಚ್ಚು ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ, ಪೊಲೀಸರಿಗೂ ತಿಳಿಸಿ. ಏನೂ ಆಗಿಲ್ಲದಿದ್ದರೆ ಗಾಡಿಗಳು ನಿಂತ ಸ್ಥಿತಿ, ನಂಬರ್ ಪ್ಲೇಟು, ಡೆಂಟು ಇವುಗಳ ನಾಲ್ಕು ಫೋಟೋ ತೆಗೆದು ಪಕ್ಕಕ್ಕೆ ಸರಿಸಿ. ಹೆಸರು, ಫೋನು, ಲೈಸೆನ್ಸು, ಪಾಲಿಸಿ ವಿವರ ಪರಸ್ಪರ ಬರೆದುಕೊಳ್ಳಿ. ಸಾಕ್ಷಿಯಾಗಿ ಯಾರಾದರೂ ಒಪ್ಪಿದರೆ ಅವರ ನಂಬರನ್ನೂ. ಆದಷ್ಟು ಬೇಗ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಅವರು ನೋಡುವ ಮೊದಲೇ ರಿಪೇರಿ ಮಾಡಿಸಬೇಡಿ.

ಸ್ಥಳದಲ್ಲೇ "ನಂದೇ ತಪ್ಪು, ದುಡ್ಡು ಕೊಡ್ತೀನಿ" ಅಂತ ಮಾತು ಕೊಡುವ ಮೊದಲು ಪಾಲಿಸಿಯ ಷರತ್ತು ಓದಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆ, ವಾಗ್ದಾನ, ಪಾವತಿ ಯಾವುದನ್ನೂ ಮಾಡಬಾರದು ಅಂತ ಮಾಮೂಲಿ ಮೋಟಾರು ಪಾಲಿಸಿಯಲ್ಲೇ ಇರುತ್ತೆ. ಇನ್ನೊಂದು ಲೆಕ್ಕ: ಸ್ವಂತ ಪಾಲಿಸಿಯಲ್ಲಿ ಕ್ಲೇಮ್ ಮಾಡಿದರೆ 20ರಿಂದ 50 ಶೇಕಡಾವರೆಗಿನ ನೋ ಕ್ಲೇಮ್ ಬೋನಸ್ ಕೈ ತಪ್ಪುತ್ತೆ. ಡೆಂಟು ತೀರಾ ಸಣ್ಣದಾದರೆ ಕ್ಲೇಮ್ ಮಾಡದೇ ಸ್ವಂತ ಖರ್ಚಿನಲ್ಲಿ ತೆಗೆಸುವುದೇ ಅಗ್ಗ. ಜನ ಬೀದಿಯಲ್ಲಿ ನಗದು ಕೇಳೋದಕ್ಕೆ ಇದೂ ಒಂದು ಕಾರಣ. ತಮ್ಮ ಬೋನಸ್ ಉಳಿಯಬೇಕು, ಇನ್ನೊಬ್ಬನ ಸಂಬಳ ಹೋದರೂ ಪರವಾಗಿಲ್ಲ!

ಸಣ್ಣ ಡಿಕ್ಕಿಗಳ ಹಣದ ಲೆಕ್ಕವನ್ನು ನ್ಯಾಯಮಂಡಳಿಯ ಹಂಗಿಲ್ಲದೆ ಬೇಗ ಮುಗಿಸುವ ಸರಳ ದಾರಿಯೊಂದು ಬರುವವರೆಗೂ ಬೀದಿ ಪಂಚಾಯ್ತಿ ಪೂರ್ತಿ ನಿಲ್ಲೋದಿಲ್ಲ. ಅಲ್ಲಿಯವರೆಗೆ ನಮ್ಮ ಕೈಲಿರೋದು 1903ರ ಆ ಎರಡು ಮಾತು: ನಿಲ್ಲು, ನೀನ್ಯಾರು ಹೇಳು. ಕೀ ಮಾತ್ರ ಅವರವರ ಹತ್ತಿರವೇ ಇರಲಿ.

ನಿಮ್ಮೂರಿನ ರಸ್ತೆಯಲ್ಲಿ ಈ ಪಂಚಾಯ್ತಿ ಹೇಗೆ ನಡೆಯುತ್ತೆ? ಹೆಸರು ನಂಬರು ಬರೆದುಕೊಂಡು, ಕೈ ಕುಲುಕಿ ಹೊರಟವರನ್ನು ಯಾವತ್ತಾದರೂ ನೋಡಿದ್ದೀರಾ?